ಮಂಗಳೂರಿನ ಬಿ.ಎನ್. ರಾವ್ ಮತ್ತು ಗಣರಾಜ್ಯವೆಂಬ ಮಾತು

ನಮ್ಮ ಕನ್ನಡ ತರಗತಿ ನಡೆಯುವುದು ಬಾಡಿಗೆಗೆ ಹಿಡಿದ ಮಿಡ್ಲ್ ಸ್ಕೂಲಿನ ಕೊಠಡಿಯಲ್ಲಿ. ಬೋರ್ಡಿನ ಅರ್ಧದಲ್ಲಿ ವಾರದ ದಿನಗಳ ಟೀಚರ್ ಬರೆದಿಟ್ಟ ಗಣಿತ ಇರುತ್ತದೆ, ಅದನ್ನು ಅಳಿಸುವಂತಿಲ್ಲ. ಉಳಿದ ಅರ್ಧದಲ್ಲಿ ನಮ್ಮ ಒತ್ತಕ್ಷರಗಳು ಇಕ್ಕಟ್ಟಿನಲ್ಲಿ ಕೂರಬೇಕು. ಮೂಲೆಯಲ್ಲಿ ಎರಡು ಬಾವುಟಗಳಿವೆ, ಒಂದು ದೇಶದ್ದು, ಇನ್ನೊಂದು ಕರಡಿಯ ಚಿತ್ರವಿರುವ ಕ್ಯಾಲಿಫೋರ್ನಿಯಾದ್ದು. ಜನವರಿಯಲ್ಲಿ ಗಣರಾಜ್ಯೋತ್ಸವದ ಪಾಠ ಮಾಡುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಆ ಕರಡಿಯನ್ನು ತೋರಿಸಿ, ಆಂಟಿ, ಅಲ್ಲೂ ರಿಪಬ್ಲಿಕ್ ಅಂತ ಬರೆದಿದೆಯಲ್ಲ, ಹಾಗಾದರೆ ನಮ್ಮ ಕ್ಯಾಲಿಫೋರ್ನಿಯಾಕ್ಕೂ ಒಂದು ಗಣರಾಜ್ಯೋತ್ಸವ ಇದೆಯಾ ಎಂದು ಕೇಳಿದ.

ಪ್ರಶ್ನೆ ಚೆನ್ನಾಗಿತ್ತು. 1846ರ ಜೂನ್‌ನಲ್ಲಿ, ನಮ್ಮಿಂದ ಒಂದೆರಡು ಗಂಟೆ ಕಾರಿನ ದೂರದ ಸೋನೋಮಾದಲ್ಲಿ, ಬೆರಳೆಣಿಕೆಯ ಜನ ಸೇರಿ ಮೆಕ್ಸಿಕೋ ಆಡಳಿತದ ವಿರುದ್ಧ ಎದ್ದು ಕರಡಿ ಬಾವುಟ ಹಾರಿಸಿದರು. ಅವರ ಗಣರಾಜ್ಯ ತಿಂಗಳು ತುಂಬುವ ಮೊದಲೇ ಮುಗಿಯಿತು, ಬಾವುಟ ಮಾತ್ರ ಉಳಿಯಿತು. ಇಷ್ಟು ಹೇಳಿ, ರಾಜನಿಲ್ಲದ ರಾಜ್ಯವೇ ಗಣರಾಜ್ಯ ಎಂದು ಪಾಠ ಮುಗಿಸಿದೆ. ಅಷ್ಟಕ್ಕೆ ಬಿಡುವ ಮಕ್ಕಳೇ ಇವು? ಬ್ರಿಟಿಷರು 1947ರಲ್ಲೇ ಹೋದರಲ್ಲ, ಮತ್ತೆ 1950ರವರೆಗೆ ಏಕೆ ಕಾಯಬೇಕಾಯಿತು ಎಂದು ಇನ್ನೊಬ್ಬಳು ಕೇಳಿದಳು. ಆ ಎರಡೂವರೆ ವರ್ಷ ಕಾಗದದ ಮೇಲೆ ಆರನೇ ಜಾರ್ಜ್ ನಮ್ಮ ರಾಜನಾಗಿಯೇ ಇದ್ದ ಎಂದೆ. ಹಾಗಾದರೆ ಆಗ ಯಾರು ಏನು ಬರೆಯುತ್ತಾ ಕುಳಿತಿದ್ದರು ಎಂಬುದು ಮುಂದಿನ ಪ್ರಶ್ನೆ. ಅಂಬೇಡ್ಕರ್ ಹೆಸರನ್ನು ಮಕ್ಕಳೇ ಹೇಳಿದರು. ಅವರ ಸಮಿತಿಯ ಮುಂದೆ ಮೊದಲ ಕರಡನ್ನು ಇಟ್ಟವರು ಯಾರು ಎಂದು ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಕಳೆದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ. ಅವರು ಮಂಗಳೂರಿನವರು.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು. ತಂದೆ ಡಾಕ್ಟರು, ಮನೆಮಾತು ಕೊಂಕಣಿ, ಊರು ಆಗಿನ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಅಲ್ಲಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಅಲ್ಲಿ ಹಿಡಿದದ್ದು ಗಣಿತ. ಅದೇ ವರ್ಷಗಳಲ್ಲಿ ಜವಾಹರಲಾಲ್ ನೆಹರೂ ಕೂಡ ಅದೇ ಕಾಲೇಜಿನಲ್ಲಿದ್ದರು. ಮನೆಯವರೆಲ್ಲ ಇಂಥವರೇ. ತಮ್ಮ ಬೆನಗಲ್ ರಾಮರಾವ್ ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಇನ್ನೊಬ್ಬ ತಮ್ಮ ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಒಂದೇ ಮನೆಯಲ್ಲಿ ಇಷ್ಟು ಬುದ್ಧಿವಂತರಿದ್ದರೆ ಊಟದ ಹೊತ್ತಿನಲ್ಲಿ ಯಾರು ಮಾತಾಡುತ್ತಿದ್ದರೋ, ಯಾರು ಕೇಳುತ್ತಿದ್ದರೋ ಎಂದು ನಾನು ಯೋಚಿಸಿದ್ದುಂಟು.

1909ರಲ್ಲಿ ಐಸಿಎಸ್ ಪಾಸಾದರು. ನೇಮಕವಾದದ್ದು ನಂಟರಿಷ್ಟರಿರುವ ಮದ್ರಾಸ್ ಪ್ರಾಂತ್ಯಕ್ಕಲ್ಲ, ದೂರದ ಬಂಗಾಳಕ್ಕೆ. ಕೆಲವೇ ವರ್ಷಗಳಲ್ಲಿ ಕಲೆಕ್ಟರ್ ದಾರಿ ಬಿಟ್ಟು ನ್ಯಾಯಾಂಗದ ಕಡೆ ತಿರುಗಿದರು. ಅಸ್ಸಾಮಿನಲ್ಲಿ ಹಲವು ವರ್ಷ ಸರ್ಕಾರಕ್ಕೆ ಕಾನೂನು ಬರೆದುಕೊಡುವ ಕೆಲಸ. 1935ರ ಭಾರತ ಸರ್ಕಾರ ಕಾಯ್ದೆ ಬಂದ ಮೇಲೆ ಹಳೆಯ ಕಾನೂನುಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ಹೊಂದುವಂತೆ ತಿದ್ದುವ ಹೊಣೆ ಇವರ ಮೇಲೆ ಬಿತ್ತು. ಸಾಫ್ಟ್‌ವೇರ್‌ನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಇಡೀ ದೇಶದ ಹಳೆಯ ಕೋಡ್ ಅನ್ನು ಹೊಸ ವರ್ಷನ್‌ಗೆ ಮೈಗ್ರೇಟ್ ಮಾಡಿದ ಹಾಗೆ. ಚಪ್ಪಾಳೆ ಸಿಗದ ಕೆಲಸ, ಮಾಡಿದವರಿಗೇ ಗೊತ್ತು. 1938ರಲ್ಲಿ ಸರ್ ಪದವಿ ಬಂತು, ನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು.

ಆ ಮುಂದಿನ ಎರಡು ಕೆಲಸಗಳ ಬಗ್ಗೆ ಸ್ವಲ್ಪ ಹೇಳಬೇಕು. ಒಂದು, ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಜಗಳಕ್ಕೆ ಬಿದ್ದಾಗ 1941ರಲ್ಲಿ ನೇಮಿಸಿದ ಆಯೋಗಕ್ಕೆ ಇವರೇ ಅಧ್ಯಕ್ಷರು. ನದಿಯ ಮೇಲಿನವರಿಗೂ ಕೆಳಗಿನವರಿಗೂ ನ್ಯಾಯವಾದ ಪಾಲು ಸಿಗಬೇಕು, ಯಾರೊಬ್ಬರೂ ಇಡೀ ನದಿ ನನ್ನದೆನ್ನುವಂತಿಲ್ಲ ಎಂಬುದು ಆ ವರದಿಯ ಜೀವಾಳ. ಕಾವೇರಿಯ ಮಕ್ಕಳಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು, ಹಿಂದೂ ಕಾನೂನು ಸಮಿತಿ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಏಕಪತ್ನಿತ್ವ, ವಿಚ್ಛೇದನ ಇವನ್ನೆಲ್ಲ ಕಾನೂನಿನ ಮಾತಿನಲ್ಲಿ ಬರೆದ ಸಮಿತಿ ಅದು. ಊರೂರು ಸುತ್ತಿ ಸಾಕ್ಷ್ಯ ಕೇಳಿತು, ಬೈಗುಳವನ್ನೂ ಕೇಳಿತು. ಅದರ ಫಲ ಕಾನೂನಾಗಿ ಬಂದದ್ದು 1955–56ರಲ್ಲಿ, ರಾವ್ ತೀರಿಕೊಂಡ ಮೇಲೆ. ನನ್ನ ಅಜ್ಜಿಗೆ ಗೊತ್ತಿಲ್ಲದ, ನನ್ನ ಅಮ್ಮನಿಗೆ ಸಿಕ್ಕ ಹಕ್ಕುಗಳ ಬೇರು ಅಲ್ಲಿದೆ.

ನಿವೃತ್ತಿಯ ನಂತರ 1944ರಲ್ಲಿ ಕಾಶ್ಮೀರದ ಪ್ರಧಾನಿಯಾಗಿ ಹೋದರು. ಮಹಾರಾಜರ ಜೊತೆ ಹೊಂದಿಕೆಯಾಗಲಿಲ್ಲ, ಮರುವರ್ಷವೇ ಬಿಟ್ಟು ಬಂದರು. ಒಬ್ಬ ರಾಜನ ಕೈಕೆಳಗೆ ಕೆಲಸ ಮಾಡಿ ನೋಡಿದ ಮನುಷ್ಯ, ಮರುವರ್ಷ 1946ರಲ್ಲಿ, ರಾಜನಿಲ್ಲದ ದೇಶವೊಂದರ ನಕ್ಷೆ ಬರೆಯಲು ಕುಳಿತರು. ಹುದ್ದೆಯ ಹೆಸರು ಸಂವಿಧಾನ ಸಲಹೆಗಾರ. ಸಂಬಳ ತೆಗೆದುಕೊಳ್ಳಲಿಲ್ಲ.

ಇಲ್ಲಿ ಸ್ವಲ್ಪ ನಿಂತು, ಗಣರಾಜ್ಯ ಎಂಬ ಮಾತಿನ ಹಿಂದೆ ಹೋಗಬೇಕು. ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದವರಿಗೆ ಜೀನ್ ಬೋಡಿನ್ ಹೆಸರು ನೆನಪಿರಬಹುದು, ಪರಮಾಧಿಕಾರದ ವ್ಯಾಖ್ಯೆಯೆಂದು ಬಾಯಿಪಾಠ ಮಾಡಿದ್ದೆವು. ಅವನು 1576ರಲ್ಲಿ, ಫ್ರಾನ್ಸಿನಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ, ಗಣರಾಜ್ಯದ ಬಗ್ಗೆ ಆರು ಭಾಗಗಳ ದೊಡ್ಡ ಪುಸ್ತಕ ಬರೆದ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಅವನ ಲೆಕ್ಕದಲ್ಲಿ ರಾಜನಿರುವ ದೇಶವೂ ಗಣರಾಜ್ಯವೇ. ಹಲವು ಮನೆಗಳು, ಆ ಮನೆಗಳಿಗೆಲ್ಲ ಸೇರಿದ ಒಂದಿಷ್ಟು ಸಾಮಾನ್ಯ ಸ್ವತ್ತು, ಇವೆರಡನ್ನೂ ನ್ಯಾಯವಾಗಿ ನಡೆಸುವ ಪರಮಾಧಿಕಾರ, ಇದು ಅವನ ಗಣರಾಜ್ಯ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ ಊರ ಕೆರೆ, ಗೋಮಾಳ, ಗುಂಡುತೋಪು. ಯಾರ ಮನೆಯದೂ ಅಲ್ಲ, ಎಲ್ಲ ಮನೆಯದೂ ಹೌದು. ಲ್ಯಾಟಿನ್‌ನಲ್ಲಿ ಆ ಪದದ ಮೂಲಾರ್ಥವೂ ಸಾರ್ವಜನಿಕರಿಗೆ ಸೇರಿದ್ದು ಎಂದೇ.

ಎರಡು ಶತಮಾನ ಕಳೆದ ಮೇಲೆ ಜಿನೀವಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬರೆದ ರೂಸೋ ಆ ಮಾತನ್ನು ಇನ್ನಷ್ಟು ಬಿಗಿ ಮಾಡಿದ. ಕಾನೂನು ಆಳುವ ನಾಡು ಮಾತ್ರ ಗಣರಾಜ್ಯ, ಆ ಕಾನೂನು ಎಲ್ಲ ಪ್ರಜೆಗಳ ಸಾಮಾನ್ಯ ಇಚ್ಛೆಯಿಂದ ಬಂದಿರಬೇಕು ಎಂದು 1762ರ ಪುಸ್ತಕದಲ್ಲಿ ವಾದಿಸಿದ. ಅದರಲ್ಲೇ ಅವನನ್ನು ಕಾಡಿದ ಒಂದು ತೊಡಕಿದೆ. ಜನರೇ ಕಾನೂನು ಮಾಡಬೇಕು ಸರಿ, ಆದರೆ ಸಾವಿರಾರು ಜನ ಕೂತು ವಾಕ್ಯ ಬರೆಯಲಾಗುವುದಿಲ್ಲವಲ್ಲ. ಯಾರೋ ಒಬ್ಬರು ಕರಡು ಬರೆಯಬೇಕು. ಆ ಒಬ್ಬನು ತನಗೆ ಬೇಕಾದ ಹಾಗೆ ಬರೆದುಕೊಂಡರೆ? ರೂಸೋ ಕಂಡುಕೊಂಡ ಉತ್ತರ ಇಷ್ಟು: ಕಾನೂನನ್ನು ಬರೆಯುವವನಿಗೆ ಅದನ್ನು ಜಾರಿಗೆ ತರುವ ಹಕ್ಕು ಇರಕೂಡದು. ಬರೆದು ಕೊಡಬೇಕು, ಪಕ್ಕಕ್ಕೆ ಸರಿಯಬೇಕು. ಹಳೆಯ ಗ್ರೀಕ್ ಊರುಗಳು ಈ ಕೆಲಸಕ್ಕೆ ಪರಊರಿನವರನ್ನೇ ಕರೆಸುತ್ತಿದ್ದುದನ್ನೂ ಅವನು ನೆನೆಯುತ್ತಾನೆ.

ಇದನ್ನು ಓದಿದಾಗ ನನಗೆ ನಮ್ಮೂರಿನ ನೀರುಗಂಟಿ ನೆನಪಾದ. ತುಮಕೂರಿನ ಕಡೆಯ ಸಣ್ಣ ಊರು ನಮ್ಮದು. ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ನೀರುಗಂಟಿ. ಅವನಿಗೆ ಆ ಕೆರೆಯ ಕೆಳಗೆ ಗದ್ದೆ ಇರಬಾರದು ಎಂದು ನಮ್ಮ ತಾತ ಹೇಳುತ್ತಿದ್ದರು. ಇದ್ದರೆ ತೂಬಿನ ಕಡೆ ಒಂದು ಕಣ್ಣು, ಗದ್ದೆಯ ಕಡೆ ಇನ್ನೊಂದು ಕಣ್ಣು ಎನ್ನುವುದು ತಾತನ ತರ್ಕ.

ಬಿ.ಎನ್. ರಾವ್ ಸಂವಿಧಾನ ಸಭೆಯ ಸದಸ್ಯರಾಗಿರಲಿಲ್ಲ. ಅವರಿಗೆ ಅಲ್ಲಿ ಮತವಿರಲಿಲ್ಲ. ಯಾವ ಪಕ್ಷಕ್ಕೂ ಸೇರಿದವರಲ್ಲ, ಜೈಲಿಗೆ ಹೋದವರಲ್ಲ, ಬ್ರಿಟಿಷರ ಕೆಳಗೆ ಜೀವಮಾನವಿಡೀ ದುಡಿದ ಅಧಿಕಾರಿ. ಸ್ವಾತಂತ್ರ್ಯಕ್ಕಾಗಿ ಲಾಠಿ ತಿಂದವರ ನಡುವೆ ಇಂಥವರು ಹೇಗೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅವರು ಮಾಡಿದ್ದು ಇಷ್ಟು. ಜಗತ್ತಿನ ಸಂವಿಧಾನಗಳಲ್ಲಿ ಯಾವ ಪ್ರಶ್ನೆಗೆ ಯಾರು ಯಾವ ಉತ್ತರ ಕೊಟ್ಟಿದ್ದಾರೆ ಎಂದು ಮೂರು ಸಂಪುಟ ಸಿದ್ಧಪಡಿಸಿ ಸದಸ್ಯರ ಕೈಗಿಟ್ಟರು. 1947ರ ಮಾರ್ಚ್‌ನಲ್ಲಿ ಒಂದು ಪ್ರಶ್ನಾವಳಿ ಕಳಿಸಿದರು: ದೇಶದ ಮುಖ್ಯಸ್ಥ ಹೇಗಿರಬೇಕು, ಅವನನ್ನು ಆರಿಸುವವರು ಯಾರು, ಎರಡು ಸದನ ಬೇಕೆ? ಮೇ ತಿಂಗಳಲ್ಲಿ ತಮ್ಮದೇ ಟಿಪ್ಪಣಿ ಕೊಟ್ಟರು. ಅದರಲ್ಲಿದ್ದ ಪ್ರಸ್ತಾವನೆ ಬಹಳ ಚಿಕ್ಕದು. ಭಾರತದ ಜನರಾದ ನಾವು ಸಾಮಾನ್ಯ ಹಿತವನ್ನು ಬಯಸಿ, ಆರಿಸಿ ಕಳಿಸಿದ ಪ್ರತಿನಿಧಿಗಳ ಮೂಲಕ, ಈ ಸಂವಿಧಾನವನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ ಎಂಬ ಅರ್ಥದ ಒಂದೇ ವಾಕ್ಯ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಇಂದು ನಾವು ಓದುವ ಪ್ರಸ್ತಾವನೆ ನೆಹರೂ ಮಂಡಿಸಿದ ಧ್ಯೇಯ ನಿರ್ಣಯದಿಂದಲೂ ಅಂಬೇಡ್ಕರ್ ಸಮಿತಿಯಿಂದಲೂ ಬಂದದ್ದು, ಅದರ ಗಾಂಭೀರ್ಯವೇ ಬೇರೆ. ಆದರೂ ರಾವ್ ಅವರ ಆ ಗಿಡ್ಡ ವಾಕ್ಯದ ಮೇಲೆ ನನಗೆ ಒಂದು ಬಗೆಯ ಮೋಹ. ಸಾಮಾನ್ಯ ಹಿತ ಎಂಬ ಎರಡೇ ಪದದಲ್ಲಿ ಬೋಡಿನ್‌ನ ಮನೆಗಳೂ ಇವೆ, ನಮ್ಮೂರ ಕೆರೆಯೂ ಇದೆ.

ಅಕ್ಟೋಬರ್ ಹೊತ್ತಿಗೆ ಪೂರ್ತಿ ಕರಡು ಸಿದ್ಧವಾಯಿತು, 243 ವಿಧಿಗಳು, 13 ಅನುಸೂಚಿಗಳು. ಅದನ್ನು ಮುಂದಿಟ್ಟುಕೊಂಡು ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಕೆಲಸ ಶುರು ಮಾಡಿತು. ಕಡಿದರು, ಸೇರಿಸಿದರು, ತಿರುವಿದರು, ಸಭೆಯಲ್ಲಿ ಒಂದೊಂದು ಪದಕ್ಕೂ ವಾದಿಸಿದರು. ಕೊನೆಗೆ 395 ವಿಧಿಗಳು, 8 ಅನುಸೂಚಿಗಳಾದವು. ಯಾರು ನಿಜವಾಗಿ ಸಂವಿಧಾನ ಬರೆದರು ಎಂದು ಈಗ ಕೆಲವರು ಒಬ್ಬರನ್ನು ಎತ್ತಿ ಇನ್ನೊಬ್ಬರನ್ನು ಇಳಿಸಲು ರಾವ್ ಅವರ ಹೆಸರನ್ನು ಬಳಸುವುದುಂಟು. ನನಗೆ ಅದು ಹಿಡಿಸುವುದಿಲ್ಲ. ಕರಡಿನ ಪ್ರತಿ ಸಾಲನ್ನೂ ಸಭೆಯಲ್ಲಿ ನಿಂತು ಸಮರ್ಥಿಸಿ, ಮತಕ್ಕೆ ಹಾಕಿ ದಾಟಿಸಿದವರು ಅಂಬೇಡ್ಕರ್. 1949ರ ನವೆಂಬರ್ 25ರ ಭಾಷಣದಲ್ಲಿ ಅವರೇ, ಶ್ರೇಯಸ್ಸು ತಮ್ಮೊಬ್ಬರದಲ್ಲವೆಂದು ಹೇಳಿ ರಾವ್ ಅವರನ್ನೂ ಮುಖ್ಯ ಕರಡುಕಾರ ಎಸ್.ಎನ್. ಮುಖರ್ಜಿಯವರನ್ನೂ ಹೆಸರಿಸಿ ನೆನೆದರು. ಇಬ್ಬರೂ ದೊಡ್ಡವರು, ಲೆಕ್ಕ ಅವರಲ್ಲೇ ಚುಕ್ತಾ ಆಗಿದೆ.

ಈಗ ನನ್ನದೊಂದು ತಪ್ಪೊಪ್ಪಿಗೆ. ಕಚೇರಿಯಲ್ಲಿ ಪಾಲಿಸಿ ಬರೆಯುವವಳು ಎಂಬ ಕಾರಣಕ್ಕೆ, ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಹಾಜರಿ ನಿಯಮದ ಕರಡನ್ನು ನನಗೆ ವಹಿಸಿದ್ದರು. ಇಷ್ಟು ತರಗತಿಗಿಂತ ಕಡಿಮೆ ಬಂದವರು ಆ ವರ್ಷ ಪದವಿ ವೇದಿಕೆ ಹತ್ತುವಂತಿಲ್ಲ ಎಂದು ಬರೆದೆ. ಕೊನೆಯಲ್ಲಿ, ಕ್ರೀಡಾ ಸ್ಪರ್ಧೆಗಳಿಗೆ ಹೋದ ದಿನಗಳನ್ನು ಎಣಿಸಬಾರದು ಎಂಬ ಒಂದು ಸಾಲು ಸೇರಿಸಿದೆ. ನನ್ನ ಮಗಳು ಈಜು ತಂಡದಲ್ಲಿದ್ದಳು. ಸಂಗೀತ ಪರೀಕ್ಷೆಗೆ ಹೋಗುವ ಮಕ್ಕಳು, ಅಪ್ಪ–ಅಮ್ಮ ಬೇರೆಯಾಗಿ ವಾರ ಬಿಟ್ಟು ವಾರ ಇನ್ನೊಂದು ಊರಿನಲ್ಲಿರುವ ಮಕ್ಕಳು ನನ್ನ ತಲೆಗೇ ಬರಲಿಲ್ಲ. ಬರೆದದ್ದೂ ನಾನು, ಸಮಿತಿಯಲ್ಲಿ ಕೈ ಎತ್ತಿದ್ದೂ ನಾನು. ಬೇಕೆಂದೇ ಮಾಡಿದೆನೆ? ಆಗ ಇಲ್ಲವೆಂದೇ ನಂಬಿದ್ದೆ. ಮೊಮ್ಮಗನನ್ನು ಕರೆತರುವ ಹಿರಿಯರೊಬ್ಬರು ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿದ್ದವರು, ಏನಮ್ಮಾ, ಈಜಿಗೆ ರಜಾ ಉಂಟು, ವೀಣೆಗೆ ಯಾಕಿಲ್ಲ ಎಂದು ಮೆಲ್ಲಗೆ ಕೇಳಿದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸಭೆಯಲ್ಲಿ ಆ ಸಾಲನ್ನು ನಾನೇ ತೆಗೆಸಿ, ನಿಯಮ ಮತ್ತೆ ಮತಕ್ಕೆ ಬಂದಾಗ ಹೊರಗೆ ಕುಳಿತೆ. ಮಗಳಿಗೆ ನಾಲ್ಕು ತರಗತಿ ಕಡಿಮೆ ಬಿತ್ತು. ಅವಳು ನನ್ನೊಡನೆ ಸುಮಾರು ಒಂದು ವಾರ ಮಾತಾಡಲಿಲ್ಲ. ನೀರುಗಂಟಿಯ ಮಾತು ಗೊತ್ತಿದ್ದೂ ತಪ್ಪಿದವಳು ನಾನು. ಹಾಗಾಗಿಯೇ ರಾವ್ ಅವರ ಬಗ್ಗೆ ನನಗೆ ಇಷ್ಟು ಕುತೂಹಲ ಇರಬೇಕು.

ಅವರ ಕತೆಗೆ ಮರಳುತ್ತೇನೆ. ಕರಡು ಮುಗಿದ ಕೂಡಲೇ, 1947ರ ಅಕ್ಟೋಬರ್ ಕೊನೆಗೆ ಅವರು ಪ್ರವಾಸ ಹೊರಟರು. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್. ದೇಶ ಹೊತ್ತಿ ಉರಿಯುತ್ತಿದ್ದ ತಿಂಗಳುಗಳು ಅವು. ಅವರ ಮುಂದಿದ್ದ ಪ್ರಶ್ನೆ ಇನ್ನೊಬ್ಬ ಫ್ರೆಂಚ್ ಚಿಂತಕನದ್ದು. ಮಾಂಟೆಸ್ಕ್ಯೂ 1748ರಲ್ಲಿ, ಗಣರಾಜ್ಯ ಸಣ್ಣ ನಾಡಿಗೆ ಮಾತ್ರ ಒಗ್ಗುತ್ತದೆ ಎಂದಿದ್ದ. ದೊಡ್ಡ ನಾಡಿನಲ್ಲಿ ಸಾಮಾನ್ಯ ಹಿತ ಯಾರ ಕಣ್ಣಿಗೂ ಕಾಣದೆ ಒಳಗಿಂದಲೇ ಕೊಳೆಯುತ್ತದೆ, ದೊಡ್ಡದಾಗಲೇಬೇಕಿದ್ದರೆ ಸಣ್ಣ ಗಣರಾಜ್ಯಗಳು ಒಕ್ಕೂಟ ಕಟ್ಟಿಕೊಳ್ಳಲಿ ಎಂಬುದು ಅವನ ಸಲಹೆ. ಅಮೆರಿಕದವರು ಅವನನ್ನು ಓದಿಕೊಂಡೇ ಒಕ್ಕೂಟ ಕಟ್ಟಿದರು, ಅಧಿಕಾರವನ್ನು ಮೂರು ಕಡೆ ಹಂಚಿದರು. ಭಾರತದಲ್ಲಾದರೋ ಆಗ 30 ಕೋಟಿ ದಾಟಿದ ಜನ, ನೂರಾರು ಸಂಸ್ಥಾನಗಳು, ಬಹುಪಾಲು ಅನಕ್ಷರಸ್ಥರು. ಅಷ್ಟು ದೊಡ್ಡ ಗಣರಾಜ್ಯವನ್ನು ಫ್ರೆಂಚರ ಯಾವ ಪುಸ್ತಕವೂ ಊಹಿಸಿರಲಿಲ್ಲ.

ಅಮೆರಿಕದಲ್ಲಿ ರಾವ್ ಅಧ್ಯಕ್ಷ ಟ್ರೂಮನ್ನರನ್ನು ಕಂಡರು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿದರು. ಆ ಮಾತುಕತೆಯ ಫಲ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಕೂತಿದೆ. ಅಮೆರಿಕದ ಸಂವಿಧಾನದಲ್ಲಿ ಡ್ಯೂ ಪ್ರೋಸೆಸ್ ಎಂಬ ಮಾತಿದೆ. ಯಾವ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ನ್ಯಾಯಯುತ ಕ್ರಮವಿಲ್ಲದೆ ಕಸಿಯುವಂತಿಲ್ಲ. ಆ ಮಾತನ್ನು ಹಿಡಿದುಕೊಂಡೇ ಅಲ್ಲಿನ ಸುಪ್ರೀಂ ಕೋರ್ಟು 1905ರಲ್ಲಿ, ಬೇಕರಿ ಕೆಲಸಗಾರರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕಿನ ಕಾನೂನನ್ನು ಹೊಡೆದುಹಾಕಿತ್ತು. ಜನ ಆರಿಸಿದವರು ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ಹೀಗೆ ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು ಎಂಬುದು ಫ್ರಾಂಕ್‌ಫರ್ಟರ್ ನಿಲುವು. ರಾವ್ ಒಪ್ಪಿದರು. ಜಮೀನ್ದಾರಿ ಮುಗಿಸಬೇಕಿದ್ದ, ಉಳುವವನಿಗೆ ನೆಲ ಕೊಡಬೇಕಿದ್ದ ದೇಶದಲ್ಲಿ ಕೋರ್ಟುಗಳು ಅಡ್ಡ ಬಂದಾವು ಎಂಬ ಭಯ ಅವರಿಗಿತ್ತು. ಕರಡು ಸಮಿತಿ ಆ ಮಾತನ್ನು ತೆಗೆದು, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಮಾತನ್ನು ಹಾಕಿತು. ಎಂದರೆ, ಶಾಸನಸಭೆ ಒಂದು ವಿಧಾನ ಬರೆದಿದ್ದರೆ ಸಾಕು, ಅದು ನ್ಯಾಯವಾದದ್ದೇ ಎಂದು ಕೋರ್ಟು ಕೇಳಬೇಕಾಗಿಲ್ಲ.

ಇಲ್ಲಿ ರಾವ್ ಎಡವಿದರು ಎಂದೇ ನನ್ನ ಅಭಿಪ್ರಾಯ. ಅವರ ಕಾಳಜಿ ರೈತನ ಮೇಲೆ, ಅದು ಸರಿ. ಆದರೆ ಸಾಮಾನ್ಯ ಹಿತದ ಹೆಸರಿನಲ್ಲಿ ಒಬ್ಬ ಮನುಷ್ಯನನ್ನು ಹಿಡಿದು ಕೂರಿಸಿದಾಗ ಅವನ ಪರವಾಗಿ ಕೇಳುವವರು ಯಾರು? ರೂಸೋನ ಸಾಮಾನ್ಯ ಇಚ್ಛೆಯಲ್ಲೂ ಇದೇ ತೂತು. ಫ್ರಾನ್ಸಿನ ಗಣರಾಜ್ಯ 1792ರಲ್ಲಿ ಹುಟ್ಟಿ ಒಂದು ವರ್ಷ ತುಂಬುವಷ್ಟರಲ್ಲಿ ಜನರ ಹೆಸರಿನಲ್ಲೇ ಜನರ ತಲೆ ಕಡಿಯತೊಡಗಿತ್ತು. ನಮ್ಮಲ್ಲಿ ಅಷ್ಟಾಗಲಿಲ್ಲ, ಆದರೂ ಸಂವಿಧಾನ ಜಾರಿಗೆ ಬಂದ ನಾಲ್ಕೇ ತಿಂಗಳಲ್ಲಿ, 1950ರ ಮೇನಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಕಾನೂನಿನಲ್ಲಿ ವಿಧಾನ ಬರೆದಿದೆ, ಅಷ್ಟು ಸಾಕು ಎಂದಿತು. ಇದು ತಿರುಗಿದ್ದು 28 ವರ್ಷಗಳ ಮೇಲೆ. ಕಾರಣ ಹೇಳದೆ ಪಾಸ್‌ಪೋರ್ಟ್ ಕಿತ್ತುಕೊಂಡದ್ದನ್ನು ಪ್ರಶ್ನಿಸಿದ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ವಿಧಾನವೂ ನ್ಯಾಯವಾಗಿರಬೇಕು ಎಂದು 1978ರಲ್ಲಿ ಅದೇ ಕೋರ್ಟು ಹೇಳಿತು. ರಾವ್ ತೆಗೆಸಿದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬಂತು.

ಇಷ್ಟು ವಿವರವಾಗಿ ಏಕೆ ಬರೆದೆ ಎಂದರೆ, ನಮ್ಮಲ್ಲಿ ಬಹಳ ಮಂದಿ ವೀಸಾದ ಮೇಲೆ ಹತ್ತು–ಹದಿನೈದು ವರ್ಷ ಕಳೆದವರು. ಅಮೆರಿಕದ ಆ ಮಾತಿನಲ್ಲಿ ಪ್ರಜೆ ಎಂದಿಲ್ಲ, ವ್ಯಕ್ತಿ ಎಂದಿದೆ. ಇಲ್ಲಿ ಮತವಿಲ್ಲದೆ ಬದುಕಿದ ಅಷ್ಟೂ ವರ್ಷ ನಮ್ಮ ತಲೆಯ ಮೇಲಿದ್ದ ಸೂರು ಆ ಒಂದು ಪದ. ಮೂರು ವರ್ಷದ ಹಿಂದೆ ಓಕ್ಲೆಂಡ್‌ನ ಪ್ಯಾರಮೌಂಟ್ ಥಿಯೇಟರಿನಲ್ಲಿ ನೂರಾರು ಜನರ ಜೊತೆ ನಿಂತು ನಾನು ಪ್ರಮಾಣ ವಚನ ಹೇಳಿದೆ. ಭಾರತದ ಪಾಸ್‌ಪೋರ್ಟ್ ವಾಪಸ್ ಕೊಟ್ಟೆ. ಬೇರೆ ದೇಶದ ಪೌರತ್ವ ತಾನಾಗಿ ಪಡೆದವರು ಭಾರತದ ಪ್ರಜೆಗಳಲ್ಲ ಎಂದು ನಮ್ಮ ಸಂವಿಧಾನದ 9ನೇ ವಿಧಿ ಹೇಳುತ್ತದೆ. ಊರಿಂದ ಫೋನ್ ಮಾಡಿದ ಅಪ್ಪ ಅಭಿನಂದನೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

ರಾವ್ ಅವರ ಎಲ್ಲ ಸಲಹೆಗಳೂ ಒಪ್ಪಿಗೆಯಾದವೆಂದಲ್ಲ. ಬಡವರ ಪರವಾದ ನಿರ್ದೇಶಕ ತತ್ವಗಳಿಗೂ ಮೂಲಭೂತ ಹಕ್ಕುಗಳಿಗೂ ಘರ್ಷಣೆಯಾದರೆ ತತ್ವಗಳು ಗೆಲ್ಲಬೇಕು ಎಂದು ಅಮೆರಿಕದಿಂದ ಬಂದ ಮೇಲೆ ಸೂಚಿಸಿದ್ದರು, ಸಮಿತಿ ಒಪ್ಪಲಿಲ್ಲ. ಅವರು ಜಗಳ ಆಡಲಿಲ್ಲ, ಮುಂದಿನ ಟಿಪ್ಪಣಿ ಬರೆದರು. ಇನ್ನೊಂದು ಕಡೆ, ಅವರ ಮಾರ್ಗದರ್ಶನದಲ್ಲಿ ಸಂವಿಧಾನ ಸಭೆಯ ಸಚಿವಾಲಯ, ಸಂವಿಧಾನ ಮುಗಿಯುವ ಮೊದಲೇ, ವಯಸ್ಕರೆಲ್ಲರ ಮತದಾರರ ಪಟ್ಟಿ ಮಾಡಿಸಲು ಹೊರಟಿತು. ಮನೆಮನೆಗೆ ಹೋದ ಗುಮಾಸ್ತರಿಗೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಎಂದರು. ಹೆಸರಿಲ್ಲದೆ ಮತವಿಲ್ಲವೆಂದು ಕೊನೆಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಆದರೂ ಮೊದಲ ಚುನಾವಣೆಗೆ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಸಭೆಯಲ್ಲಿ ತನಗೇ ಮತವಿಲ್ಲದವರು ಕೋಟಿಗಟ್ಟಲೆ ಜನರ ಮತಕ್ಕೆ ಪಟ್ಟಿ ಬರೆಸಿದ್ದನ್ನು ನೆನೆದಾಗಲೆಲ್ಲ ನನಗೆ ಬೆರಗು.

1950ರ ಜನವರಿ 26ರಂದು ಗಣರಾಜ್ಯ ಬಂದಾಗ ರಾವ್ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಆ ಸಂಸ್ಥೆಯ ಸನ್ನದಿಗೆ ಸಹಿ ಬಿದ್ದದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1945ರ ಜೂನ್ 26ರಂದು. ಭಾರತದ ಪರ ಸಹಿ ಹಾಕಿದವರಲ್ಲಿ ಒಬ್ಬರಾದ ರಾಮಸ್ವಾಮಿ ಮುದಲಿಯಾರ್ ಮರುವರ್ಷ ಮೈಸೂರಿನ ದಿವಾನರಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ರಾವ್. ಕದನ ನಿಲ್ಲಿಸಲು ಮಾತುಕತೆಗೆಂದು ನೇಮಿಸಿದ ಮೂವರಲ್ಲೂ ಅವರೊಬ್ಬರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅವಧಿ ಮುಗಿಸಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು, 66 ವರ್ಷ. ಅವರ ಟಿಪ್ಪಣಿಗಳನ್ನು ತಮ್ಮ ಶಿವರಾವ್ 1960ರಲ್ಲಿ ಪುಸ್ತಕವಾಗಿ ತಂದರು. 1988ರಲ್ಲಿ ಒಂದು ಅಂಚೆಚೀಟಿ ಬಂತು.

ಕರಡಿ ಬಾವುಟದ ಬಗ್ಗೆ ಕೇಳಿದ ಹುಡುಗ ಈ ವರ್ಷದ ಪ್ರಾಜೆಕ್ಟಿಗೆ ರಾವ್ ಅವರನ್ನೇ ಆರಿಸಿಕೊಂಡ. ದೊಡ್ಡ ಹಾಳೆಯ ಮೇಲೆ ಮಂಗಳೂರಿನಿಂದ ಕೇಂಬ್ರಿಜ್, ಕಲ್ಕತ್ತಾ, ದೆಹಲಿ, ವಾಷಿಂಗ್ಟನ್, ಹೇಗ್‌ವರೆಗೆ ಬಾಣದ ಗುರುತು ಹಾಕಿದ್ದಾನೆ. ಬಲಗಡೆ ಒಂದು ಕೆರೆ, ತೂಬಿನ ಹತ್ತಿರ ಕನ್ನಡಕ ಹಾಕಿದ ನೀರುಗಂಟಿ. ಬೆನಗಲ್ ಎಂಬುದನ್ನು ಬೆಂಗಲ್ ಎಂದು ಬರೆದಿದ್ದಾನೆ, ನಾನು ತಿದ್ದಲಿಲ್ಲ, ಬಂಗಾಳದಲ್ಲಿ ಅವರು ಅಷ್ಟು ವರ್ಷ ಇದ್ದದ್ದಕ್ಕೆ ಅದೂ ಇರಲಿ ಎಂದುಕೊಂಡೆ. ಪದವಿ ಪ್ರದಾನದ ದಿನ ಸಭಾಂಗಣದ ಎಡಗೋಡೆಯ ಮೇಲೆ, ಊಟದ ಸಾಲಿನ ಪಕ್ಕದಲ್ಲೇ ಅದನ್ನು ತೂಗುಹಾಕುತ್ತೇವೆ. ಅದಕ್ಕೆ ಬಣ್ಣ ಹಚ್ಚಲು ಕೈಜೋಡಿಸಿದವಳು ನನ್ನ ಮಗಳು. ಒಂದು ವರ್ಷ ತಡವಾಗಿ, ಈ ಸಲ ಅವಳ ಹೆಸರೂ ಪಟ್ಟಿಯಲ್ಲಿದೆ.